ಸೋಲಾರ್‌ಗೆ ಪೂರ್ಣ ಅಂಕ, ಇನ್ವರ್ಟರ್‌ಗೆ ಅರ್ಧ

ಸುಮ್ಮನೆ ಕೂತು ಉಣ್ಣುವ ಜಾತಿಯದು ನಮ್ಮ ಇನ್ವರ್ಟರ್. ಎರಡು ಚಳಿಗಾಲ ಇದರೊಂದಿಗೆ ಏಗಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಕ್ಯಾಲಿಫೋರ್ನಿಯಾದಲ್ಲಿ ಕೊಂಡ ಹಳೆಯ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ. ಚಾವಣಿಯ ಮೇಲೆ 400 ವ್ಯಾಟ್ ಪ್ಯಾನೆಲ್, ಹಾಸಿಗೆಯ ಕೆಳಗೆ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಮತ್ತು ಆ ಬ್ಯಾಟರಿಯ 12 ವೋಲ್ಟನ್ನು ಮನೆಯ ಕರೆಂಟಾಗಿ ಬದಲಿಸುವ 2,000 ವ್ಯಾಟ್‌ನ ಇನ್ವರ್ಟರ್. ಬ್ಯಾಟರಿ ಪೂರ್ತಿ ತುಂಬಿದಾಗ ಅದರಲ್ಲಿರುವುದು ನಮ್ಮೂರಿನ ಲೆಕ್ಕದಲ್ಲಿ ಎರಡೂವರೆ ಯೂನಿಟ್ (ಯೂನಿಟ್ ಎಂದರೆ 1,000 ವ್ಯಾಟ್-ಅವರ್). ಇನ್ವರ್ಟರ್ ಚಾಲೂ ಇದ್ದರೆ ಸಾಕು, ಅದಕ್ಕೆ ಏನನ್ನೂ ಸಿಕ್ಕಿಸದಿದ್ದರೂ 25 ವ್ಯಾಟ್ ಎಳೆಯುತ್ತಲೇ ಇರುತ್ತದೆ. ದಿನಕ್ಕೆ 0.6 ಯೂನಿಟ್! ಡಿಸೆಂಬರಿನಲ್ಲಿ ಸೂರ್ಯ ಕೆಳಗಿಳಿದಿರುತ್ತಾನೆ, ಪ್ಯಾನೆಲ್ ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿರುತ್ತದೆ; ಮರುಭೂಮಿಯ ಬಿಸಿಲಿನಲ್ಲೂ ದಿನದ ಗಳಿಕೆ ಒಂದು ಯೂನಿಟ್ ಆದರೆ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಈ ಮಹಾಶಯನ ಹೊಟ್ಟೆಗೆ.

ಇದಕ್ಕೆ ಮದ್ದೆಂದು ‘ಉಳಿತಾಯ’ದ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಇನ್ವರ್ಟರ್ ಮಲಗಿ, ಆಗಾಗ ಎಚ್ಚೆತ್ತು ಯಾರಾದರೂ ಕರೆಂಟ್ ಕೇಳುತ್ತಿದ್ದಾರೆಯೇ ಎಂದು ನೋಡುತ್ತದೆ. ಮೊಬೈಲ್ ಚಾರ್ಜರಿನಂಥ ಬಡಪಾಯಿಗಳ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಚಾರ್ಜರಿನ ದೀಪ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಮಾರಿದವರಿಗೆ ಬರೆದರೆ, ಅದು ದೋಷವಲ್ಲ, ಇರುವುದೇ ಹಾಗೆ ಎಂಬ ಉತ್ತರ ಬಂತು. ಮಾತು ನಿಜವೇ, ಆದರೆ ಕೊಳ್ಳುವ ಮುಂಚೆ ಹೇಳಬಹುದಿತ್ತು.

ಇನ್ನು ಇನ್ವರ್ಟರನ್ನು ತಂಪಾಗಿಡಲು ಅದರೊಳಗೇ ತಿರುಗುವ ಫ್ಯಾನ್. 12 ವೋಲ್ಟ್‌ನಲ್ಲಿ 2,000 ವ್ಯಾಟ್ ಎಂದರೆ 170 ಆಂಪಿಯರ್ ಹತ್ತಿರ. ತಂತಿ ಉದ್ದವಾದಷ್ಟೂ ವೋಲ್ಟೇಜ್ ಸೋರಿ ತಂತಿಯೇ ಬಿಸಿಯಾಗುತ್ತದೆ. ಹಾಗಾಗಿ ಇನ್ವರ್ಟರ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಬ್ಯಾಟರಿಯೋ ಒಳಗೇ ಬೆಚ್ಚಗಿರಬೇಕು, ಏಕೆಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಲಿಥಿಯಂ ಚಾರ್ಜ್ ತೆಗೆದುಕೊಳ್ಳುವಂತಿಲ್ಲ. ಎಲ್ಲ ಸರಿ, ಫ್ಯಾನ್ ಮಾತ್ರ ನಮ್ಮವರ ದಿಂಬಿನ ಕೆಳಗೇ ಬೊಬ್ಬೆ ಹೊಡೆಯುತ್ತದೆ.

ಆದರೂ ಬೆಳಗಿನ ಚಟ್ನಿಯ ಹೊತ್ತಿಗೆ ನನ್ನ ಸಿಟ್ಟು ಅರ್ಧ ಇಳಿದಿರುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಶಿಬಿರಗಳಲ್ಲಿ ಕರೆಂಟಿನ ಸಂಪರ್ಕವಿಲ್ಲ. ಜನರೇಟರ್ ಓಡಿಸಲೂ ಗೊತ್ತುಮಾಡಿದ ಸಮಯವಿದೆ. ನಾವು ಯಾರ ಸಮಯಕ್ಕೂ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಹೊರಗಿಟ್ಟ ಫ್ರೋಜನ್ ತೆಂಗಿನ ತುರಿ ಅಷ್ಟರಲ್ಲಿ ಸಡಿಲಾಗಿರುತ್ತದೆ. ಅದಕ್ಕೆ ಹುರಿಗಡಲೆ, ಹಸಿಮೆಣಸಿನಕಾಯಿ, ಉಪ್ಪು, ಚಿಟಿಕೆ ಹುಣಸೆಹಣ್ಣು. ಇನ್ವರ್ಟರ್ ಚಾಲೂ ಮಾಡಿ, ಅದು ‘ಕುಂಯ್’ ಎಂದ ಮೇಲೆ ಮಿಕ್ಸಿ ತಿರುಗಿಸಬೇಕು. ಮೀಟರಿನ ಅಂಕಿ 500 ವ್ಯಾಟ್‌ಗೆ ಜಿಗಿದು ಅಲ್ಲೇ ತೊನೆದಾಡುತ್ತದೆ. ಚಟ್ನಿ ನುಣ್ಣಗಾಗುವಷ್ಟರಲ್ಲಿ ಖರ್ಚಾಗುವುದು 15 ವ್ಯಾಟ್-ಅವರ್ ಮಾತ್ರ. ಇದೇ ಯಂತ್ರ ಒಂದು ತಾಸು ಸುಮ್ಮನೆ ಕೂತರೆ 25!

ಆದ್ದರಿಂದ ಈಗ ನಮ್ಮ ಮನೆಯ ಕಾನೂನು: ಚಟ್ನಿ ಆಯಿತೋ, ಇನ್ವರ್ಟರ್ ಬಂದ್. ದೀಪ, ನೀರಿನ ಪಂಪ್, ಹೀಟರಿನ ಗಾಳಿಯಂತ್ರ ಎಲ್ಲವೂ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್‌ನಲ್ಲೇ ಓಡುತ್ತವೆ; ಅವಕ್ಕೆ ಇವನ ಹಂಗಿಲ್ಲ. ಮೊಬೈಲಿಗೂ ಹಾಸಿಗೆಯ ಪಕ್ಕದಲ್ಲಿ 12 ವೋಲ್ಟ್‌ನ ಯುಎಸ್‌ಬಿ ಸಾಕೆಟ್ ಹಾಕಿಸಿದೆವು. ಅಗ್ಗದ ವಸ್ತು, ಆದರೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಕಾರಿ. ರಾತ್ರಿ ಫ್ಯಾನಿನ ಗಲಾಟೆಯೂ ನಿಂತಿತು.

ಪ್ಯಾನೆಲ್ ಬಗ್ಗೆ ದೂರಿಲ್ಲ. ತಿಂಗಳಿಗೊಮ್ಮೆ ಧೂಳು ಒರೆಸುತ್ತೇನೆ, ಮರದ ನೆರಳು ಬೀಳದಂತೆ ಗಾಡಿ ನಿಲ್ಲಿಸುತ್ತೇನೆ, ಅಷ್ಟೇ.

ಅನ್ನಕ್ಕೆ ಗ್ಯಾಸಿನ ಮೇಲಿನ ಕುಕ್ಕರ್ ಸಾಕೆನ್ನುವ ನಮ್ಮಂಥವರು 1,000 ವ್ಯಾಟ್‌ನ ಇನ್ವರ್ಟರ್ ಕೊಂಡರೆ ಸಾಕು. ಖರೀದಿಗೆ ಮುನ್ನ ಖಾಲಿ ಕೂತಾಗಿನ ಬಳಕೆ ಎಷ್ಟೆಂದು ಕೇಳಿ. ಮೈಕ್ರೋವೇವ್ ಬಿಟ್ಟಿರಲಾರದವರಿಗೆ ಮಾತ್ರ 2,000 ಬೇಕು. ಚಾವಣಿಯ ಎಸಿಯನ್ನು ಇದರಿಂದ ಓಡಿಸುವ ಆಸೆ ಇದ್ದರೆ, ಎರಡು ತಾಸಿನೊಳಗೆ ಬ್ಯಾಟರಿ ಬರಿದಾಗುತ್ತದೆ ಎಂಬುದು ನೆನಪಿರಲಿ.