ಎರಡು ವರ್ಷ ಬಳಸಿದ ಮೇಲೆ: ಒಂದರಿಂದ ಐದನೇ ಕ್ಲಾಸಿನ ಮನೆ ಕಲಿಕೆ ಕಿಟ್

ಬಳಸಿದ್ದು: ಎರಡು ಶೈಕ್ಷಣಿಕ ವರ್ಷ, ಒಂದನೇ ಮತ್ತು ಮೂರನೇ ಕ್ಲಾಸಿನಿಂದ ಶುರುಮಾಡಿ. ಊರು: ಚಿಕ್ಕಬಳ್ಳಾಪುರ. ಕೊಟ್ಟಿದ್ದು: 2,499 ರೂಪಾಯಿ.

ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ಪೆಟ್ಟಿಗೆ ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಬಣ್ಣದ ಮುಚ್ಚಳದಲ್ಲಿ ಬರುತ್ತದೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ: ಲೆಕ್ಕದ ಕ್ಯೂಬು ಮತ್ತು ಕಡ್ಡಿಗಳು, ಭಿನ್ನರಾಶಿಯ ವೃತ್ತಗಳು, ಪ್ಲಾಸ್ಟಿಕ್ ಗಡಿಯಾರ, ಚಿಕ್ಕ ತಕ್ಕಡಿ, ಕನ್ನಡ ಮತ್ತು ಇಂಗ್ಲಿಷ್ ಅಕ್ಷರದ ಕಾರ್ಡು, ಮ್ಯಾಗ್ನೆಟ್ಟು, ಜೀವನಚಕ್ರದ ಚಿತ್ರಪಟ, 160 ವರ್ಕ್‌ಶೀಟು, ಒಂದು ಆ್ಯಪಿನ ಕೋಡು. ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಳತೆ ಕರಾರುವಾಕ್ಕಾಗಿ ಇರಬೇಕಾದ ಸಾಮಾನಿಗೆ ದುಡ್ಡು ಕೊಡಿ, ಕಾಗದಕ್ಕೂ ಚಿತ್ರಕ್ಕೂ ಕೊಡಬೇಡಿ. ಈ ಪೆಟ್ಟಿಗೆಯಲ್ಲಿ ಅರ್ಧ ಅದು, ಅರ್ಧ ಇದು.

ಕ್ಯೂಬುಗಳಿಂದಲೇ ಶುರುಮಾಡೋಣ, ಎರಡು ವರ್ಷ ದಿನಾ ಕೈಗೆ ಬಂದಿದ್ದು ಅವೇ. 100 ಬಿಡಿ ಕ್ಯೂಬು, 20 ಹತ್ತರ ಕಡ್ಡಿ, 5 ನೂರರ ಹಲಗೆ. ಪೆಟ್ಟಿಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಹತ್ತು ಬಿಡಿ ಕ್ಯೂಬನ್ನು ಸ್ಕೇಲಿಗೆ ಒತ್ತಿ ಸಾಲಾಗಿ ಇಟ್ಟು ಪಕ್ಕದಲ್ಲಿ ಒಂದು ಕಡ್ಡಿ ಇಡಿ. ಎರಡೂ 10 ಸೆಂಟಿಮೀಟರಿಗೆ ಸರಿಯಾಗಿ ನಿಲ್ಲಬೇಕು. ನಮಗೆ ಮೊದಲು ಬಂದ ಪೆಟ್ಟಿಗೆಯಲ್ಲಿ ಕ್ಯೂಬಿನ ಸಾಲು ಕಡ್ಡಿಗಿಂತ 3 ಮಿಲಿಮೀಟರು ಉದ್ದ ಇತ್ತು. ಅಚ್ಚಿನಿಂದ ತೆಗೆದ ಮೇಲೆ ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಚೂರೇ ಕಾರಣ. ಮೂರು ಮಿಲಿಮೀಟರು ಏನು ಮಹಾ ಅನ್ನಬೇಡಿ. ಹತ್ತು ಬಿಡಿ ಕೊಟ್ಟು ಒಂದು ಕಡ್ಡಿ ತಗೋ ಅಂದಾಗ ಎರಡೂ ಸಮ ಅಂತ ಮಗು ಕಣ್ಣಾರೆ ನೋಡಬೇಕು. ಅದು ಕಾಣದಿದ್ದರೆ ಇಡೀ ಸಾಮಾನು ಬರೀ ಆಟಿಕೆ. ವಾಪಸ್ ಕಳಿಸಿ ಬೇರೆ ತರಿಸಿದೆವು, ಅದು ಸರಿ ಇತ್ತು.

ಕಳೆಯುವ ಲೆಕ್ಕದಲ್ಲಿ ಇದರ ನಿಜವಾದ ಉಪಯೋಗ. 52ರಲ್ಲಿ 27 ಕಳೆ ಅಂದರೆ ಎರಡನೇ ಕ್ಲಾಸಿನ ಬಹಳ ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ, ಹಾಗಾಗಿ 7ರಲ್ಲಿ 2 ಕಳೆದುಬಿಡುತ್ತಾರೆ. ಐದು ಕಡ್ಡಿ, ಎರಡು ಕ್ಯೂಬು ಮುಂದಿಟ್ಟು ಏಳು ಕ್ಯೂಬು ಕೊಡು ಅಂತ ಕೇಳಿ. ಕೊಡಲು ಇಲ್ಲ. ಆಗ ಒಂದು ಕಡ್ಡಿ ಪೆಟ್ಟಿಗೆಗೆ ಕೊಟ್ಟು ಬದಲಿಗೆ ಹತ್ತು ಕ್ಯೂಬು ತಗೊಳ್ಳಲಿ. ಈಗ ನಾಲ್ಕು ಕಡ್ಡಿ, ಹನ್ನೆರಡು ಕ್ಯೂಬು. ಏಳು ಕ್ಯೂಬು ಹೋದರೆ ಐದು, ಎರಡು ಕಡ್ಡಿ ಹೋದರೆ ಎರಡು. ಕಿಟ್ಟಿನ ಕೈಪಿಡಿ ಇದನ್ನು ‘ಪಕ್ಕದ ಮನೆಯಿಂದ ಸಾಲ’ ಅನ್ನುತ್ತೆ. ಸಾಲ ಅಂದರೆ ವಾಪಸ್ ಯಾವಾಗ ಕೊಡೋದು ಅಂತ ಮಕ್ಕಳು ಕೇಳುತ್ತಾರೆ, ಕೇಳುವುದು ನ್ಯಾಯವೇ. ‘ಚಿಲ್ಲರೆ’ ಅನ್ನಿ. ಹತ್ತು ರೂಪಾಯಿ ನೋಟಿಗೆ ಚಿಲ್ಲರೆ ತರುವುದು ಅವರಿಗೆ ಗೊತ್ತು.

ಇನ್ನೊಂದು ತಪ್ಪು ಕ್ಯೂಬಿನಿಂದ ಹೋಗಲ್ಲ: ನೂರಾ ಐದು ಅಂದರೆ 1005 ಅಂತ ಬರೆಯುವುದು. ಕೇಳಿದ ಹಾಗೇ ಬರೆದಿದ್ದಾರೆ, ನೂರು, ಆಮೇಲೆ ಐದು. ಇದಕ್ಕೆ ಬೇಕಾದ ಕಾರ್ಡು ಕಿಟ್ಟಿನಲ್ಲಿ ಇಲ್ಲ, ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಬಹುದು. ನೂರರ ಕಾರ್ಡು 9 ಸೆಂಟಿಮೀಟರು ಅಗಲ, ಹತ್ತರದ್ದು 6, ಬಿಡಿಯದ್ದು 3. ಎತ್ತರ ಎಲ್ಲಕ್ಕೂ 5. 100ರಿಂದ 900, 10ರಿಂದ 90, 1ರಿಂದ 9, ಒಟ್ಟು 27 ಕಾರ್ಡು. ಬಲ ಅಂಚು ಕೂಡಿಸಿ 100ರ ಮೇಲೆ 5 ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. ಪ್ರತಿ ಅಂಕಿಯೂ ತನ್ನ 3 ಸೆಂಟಿಮೀಟರಿನ ಮನೆಯೊಳಗೇ ಇರಲಿ, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡೇ ಬರೆಯಿರಿ. ಇಲ್ಲದಿದ್ದರೆ ಮುಚ್ಚಬೇಕಾದ ಸೊನ್ನೆ ಪಕ್ಕದಲ್ಲಿ ಇಣುಕುತ್ತದೆ.

ಗಡಿಯಾರಕ್ಕೆ ಸೊನ್ನೆ ಅಂಕ. ಎರಡು ಮುಳ್ಳೂ ಬೇರೆ ಬೇರೆ ತಿರುಗುತ್ತವೆ. ಮೂರೂವರೆ ತೋರಿಸು ಅಂದರೆ ಚಿಕ್ಕ ಮುಳ್ಳು ಮೂರರ ಮೇಲೇ ಕೂತಿರುತ್ತದೆ, ದೊಡ್ಡದು ಮಾತ್ರ ಆರಕ್ಕೆ ಬರುತ್ತದೆ. ಮಗು ಇದನ್ನೇ ಕಲಿತರೆ ಗೋಡೆ ಗಡಿಯಾರ ನೋಡಿ ಗೊಂದಲ ಗ್ಯಾರಂಟಿ. ಮೂಲೆ ಸೇರಿದ ಹಳೆಯ ಗೋಡೆ ಗಡಿಯಾರದ ಗಾಜು ತೆಗೆದು, ಸೆಲ್ಲು ಬಿಚ್ಚಿ, ಹಿಂದಿನ ತಿರುಪನ್ನು ಮಗುವಿನ ಕೈಗೆ ಕೊಡಿ. ದೊಡ್ಡ ಮುಳ್ಳು ಸುತ್ತುತ್ತಿದ್ದ ಹಾಗೆ ಚಿಕ್ಕದು ತೆವಳುವುದು ಕಾಣುತ್ತದೆ.

ತಕ್ಕಡಿ ಪರವಾಗಿಲ್ಲ. ಖಾಲಿ ಇದ್ದಾಗಲೇ ಒಂದು ಕಡೆ ವಾಲಿದರೆ ಎದ್ದಿರುವ ಬಟ್ಟಲಿನ ಅಡಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಸಮ ಮಾಡಿಕೊಳ್ಳಿ. ಭಿನ್ನರಾಶಿಯ ವೃತ್ತಗಳು ಚೆನ್ನಾಗಿವೆ. ಆದರೆ ಅದಕ್ಕೂ ಮೊದಲು ಅಡುಗೆಮನೆಯ ಪಾವು, ಸೇರು ತೆಗೆಯಿರಿ. ನಾಲ್ಕು ಪಾವು ಒಂದು ಸೇರು. ಕಾಲು, ಅರ್ಧ, ಮುಕ್ಕಾಲು ಅನ್ನುವ ಮಾತುಗಳು ಮಗುವಿನ ಕಿವಿಗೆ ಆಗಲೇ ಬಿದ್ದಿವೆ, ರಾಗಿ ಅಳೆದರೆ ಅರ್ಥ ಕೈಗೂ ಸಿಗುತ್ತದೆ. ಹೂವಿನ ಮೊಳವೂ ಹಾಗೇ: ಅಜ್ಜಿಯ ಮೊಳ, ಮೊಮ್ಮಗಳ ಮೊಳ ಎರಡನ್ನೂ ಟೇಪಿನಲ್ಲಿ ಅಳೆಸಿದರೆ ಸೆಂಟಿಮೀಟರು ಯಾಕೆ ಬೇಕಾಯಿತು ಅಂತ ಬೇರೆ ಪಾಠ ಬೇಡ.

ಕನ್ನಡ ಕಾರ್ಡುಗಳು ಈ ಪೆಟ್ಟಿಗೆಯ ಅತಿ ದುರ್ಬಲ ಭಾಗ. ಇಂಗ್ಲಿಷ್ ಕಾರ್ಡಿನ ಅಚ್ಚಿಗೆ ಕನ್ನಡ ಸುರಿದಿದ್ದಾರೆ. ಒಂದು ಅಕ್ಷರ, ಒಂದು ಚಿತ್ರ, ಅ ಆ ಇ ಈ ಸಾಲಿನಲ್ಲಿ, ಋಷಿಯ ಗಡ್ಡ ಸಮೇತ. ಸ್ವರಗಳೆಲ್ಲ ಮುಗಿದರೂ ಮಗುವಿಗೆ ಓದಲು ಒಂದು ಪದ ಸಿಗಲ್ಲ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳ ನಲಿ-ಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡುವುದಕ್ಕೆ ಕಾರಣ ಇದೆ. ಬರೆಯಲು ಸುಲಭ, ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ ಎಲ್ಲ ಬರುತ್ತವೆ. ಕಿಟ್ಟಿನ ಕಾರ್ಡುಗಳಿಂದ ಆ ಐದನ್ನು ಆರಿಸಿ, ಉಳಿದದ್ದು ಕಟ್ಟಿಡಿ.

ಕಾಗುಣಿತಕ್ಕೆ ಕಿಟ್ಟಿನಲ್ಲಿ ಇರುವುದು ಒಂದು ಚಾರ್ಟು ಮಾತ್ರ. ಇದನ್ನು ಮನೆಯಲ್ಲೇ ಮಾಡಿಕೊಳ್ಳಿ. ಸ್ಪೈರಲ್ ಬೈಂಡಿಂಗಿಗೆ ಹಾಕುವ ಪಾರದರ್ಶಕ ಶೀಟು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಎರಡು ಸಾಕು. 6 ಸೆಂಟಿಮೀಟರಿನ ಚೌಕ ರಟ್ಟಿನ ಮೇಲೆ ಕ, ಗ, ತ, ದ, ನ, ರ, ಸ ಇವನ್ನು ತಲೆಕಟ್ಟು ಬಿಟ್ಟು ದೊಡ್ಡದಾಗಿ ಬರೆಯಿರಿ. ಶೀಟನ್ನು ಅದೇ ಅಳತೆಗೆ ಕತ್ತರಿಸಿ ಒಂದೊಂದರ ಮೇಲೂ ಒಂದೊಂದು ಗುರುತು: ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಏತ್ವ, ಹೀಗೆ ಔತ್ವದವರೆಗೆ. ಕೊಂಬು, ಕೊಂಬಿನ ಇಳಿ, ವಟ್ರಸುಳಿ ಇರುವ ಶೀಟಿನಲ್ಲಿ ತಲೆಕಟ್ಟನ್ನೂ ಸೇರಿಸಿ ಬರೆಯಿರಿ, ಆ ಅಕ್ಷರಗಳಲ್ಲಿ ಅದು ಉಳಿಯುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲೇ ಬರೆಯಬೇಕು. ರಟ್ಟಿನ ಮೇಲೆ ಶೀಟು ಇಟ್ಟರೆ ಕಿ, ಮೇಲಿನದು ಬದಲಿಸಿದರೆ ಕು. ತಲೆಕಟ್ಟು ಬಿಡಲು ಮರೆತರೆ ಗುಡಿಸು ಅದರ ಮೇಲೆ ಕೂತು ಯಾವ ಅಕ್ಷರವೂ ಅಲ್ಲದ್ದು ಕಾಣುತ್ತದೆ. ಎಲ್ಲ ಅಕ್ಷರಕ್ಕೂ ಈ ಉಪಾಯ ನಡೆಯಲ್ಲ. ಪು, ವು ಎರಡರಲ್ಲೂ ಕೊಂಬು ಬೇರೆ ಜಾಗಕ್ಕೆ ಸೇರುತ್ತದೆ. ಮ, ಯ ಇವುಗಳ ಗುಡಿಸು, ಓತ್ವದ ರೂಪವೇ ಬೇರೆ. ಇವಕ್ಕೆ ಇಡೀ ಕಾರ್ಡು ಪ್ರತ್ಯೇಕವಾಗಿ ಬರೆಯಿರಿ. ವು ಮತ್ತು ಮ ನಡುವೆ ಮಕ್ಕಳು ಎಡವುವುದು ಸಾಮಾನ್ಯ. ಅವೆರಡನ್ನೂ ಒಂದೇ ದಿನ ಕೊಡಬೇಡಿ.

ಅರ್ಕಾವತ್ತಿಗೂ ಒಂದು ಮಾತು. ‘ಸೂರ್ಯ’ವನ್ನು ಸೂಯರ್ ಅಂತ ಓದುವ ಮಗು ತಪ್ಪು ಮಾಡುತ್ತಿಲ್ಲ, ಕಂಡ ಕ್ರಮದಲ್ಲಿ ಓದುತ್ತಿದೆ. ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು ಅನ್ನುವ ಗುರುತು ಇದೊಂದೇ. ಪೇಪರಿನ ಒಂದು ಪುಟದ ಹೆಡ್‌ಲೈನುಗಳಲ್ಲಿ ಅದಕ್ಕೆ ಸುತ್ತು ಹಾಕಿಸಿ, ಸುತ್ತು ಹಾಕಿದ್ದನ್ನು ಮಾತ್ರ ಜೋರಾಗಿ ಓದಿಸಿ. ಕರ್ನಾಟಕ, ಸರ್ಕಾರ, ಮಾರ್ಗ ಹೇಗೂ ದಿನಾ ಇರುತ್ತವೆ.

ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯವರು ಗಮನಿಸಿ. ಮನೆಮಾತು ತೆಲುಗು ಆಗಿರುವ ಮಗುವಿಗೆ ಚಿತ್ರದ ಕಾರ್ಡು ಉಲ್ಟಾ ಹೊಡೆಯುತ್ತದೆ. ಆನೆಯ ಚಿತ್ರ ನೋಡಿ ‘ಏನುಗು’ ಅನ್ನುತ್ತದೆ, ಕೆಳಗೆ ‘ಆ’ ಇರುತ್ತದೆ. ಇಲಿಗೆ ‘ಎಲುಕ’, ಕೆಳಗೆ ‘ಇ’. ಚಿತ್ರ ತೋರಿಸಿ ಇದೇನು ಅಂತ ಕೇಳಬೇಡಿ. ನಾಲ್ಕು ಕಾರ್ಡು ಹರಡಿ, ‘ಆನೆ ಎಲ್ಲಿದೆ?’ ಅಂತ ನೀವೇ ಪದ ಹೇಳಿ ಹುಡುಕಿಸಿ. ಕಾರ್ಡು ಅದೇ, ಪ್ರಶ್ನೆ ಮಾತ್ರ ತಿರುವುಮುರುವು.

ಇಂಗ್ಲಿಷ್ ಕಾರ್ಡು ಸಾಧಾರಣ. ಬಣ್ಣದ ಕಾಗದ, ಅಂಟು ಎಲ್ಲ ಎರಡೇ ತಿಂಗಳಿಗೆ ಮುಗಿಯಿತು, ಸ್ಟೇಷನರಿ ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ ಅಗ್ಗ. ವರ್ಕ್‌ಶೀಟಿನ ಮೇಲೆ ನೇರವಾಗಿ ಬರೆಸಬೇಡಿ. ಪ್ಲಾಸ್ಟಿಕ್ ಫೈಲ್ ಕವರಿನೊಳಗೆ ತೂರಿಸಿ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರೆಸಿ, ಬಟ್ಟೆಯಲ್ಲಿ ಒರೆಸಿ. ರಾತ್ರಿಯಿಡೀ ಬಿಟ್ಟು ಮಾರ್ಕರು ಹಿಡಿದುಕೊಂಡರೆ ಎರಡು ಹನಿ ಸ್ಯಾನಿಟೈಸರಿಗೆ ಹೋಗುತ್ತದೆ. ನಮ್ಮ 160ರಲ್ಲಿ ಹಾಳಾಗಿದ್ದು ಹತ್ತು ಹನ್ನೆರಡು. ಆ್ಯಪು ಒಂದು ವರ್ಷಕ್ಕೆ ಮುಚ್ಚಿಕೊಂಡಿತು, ಮುಂದುವರಿಸಲು ಮತ್ತೆ ದುಡ್ಡು. ಕೊಡಬೇಕಾಗಿಲ್ಲ. 2017ರಲ್ಲಿ ಬಂದ, ಸರ್ಕಾರದ ಉಚಿತ ಕಲಿಕೆ ಆ್ಯಪು ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡು ಸ್ಕ್ಯಾನ್ ಮಾಡಿದರೆ ಆಯಾ ಪಾಠದ್ದೇ ಸಾಮಗ್ರಿ ಬರುತ್ತದೆ. ಓದಲು ಕಥೆ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ್ದು ಹಂತ ಹಂತವಾಗಿ ವಿಂಗಡಿಸಿ ಉಚಿತವಾಗಿ ಇಟ್ಟಿದ್ದಾರೆ, ಪ್ರಿಂಟೂ ತೆಗೆಯಬಹುದು.

ಮ್ಯಾಗ್ನೆಟ್ಟಿನ ವಿಷಯಕ್ಕೆ ಗಟ್ಟಿಯಾಗಿ ಹೇಳಬೇಕು. ಬಟ್ಟೆಗುಂಡಿಯಷ್ಟು ಚಿಕ್ಕ, ತುಂಬಾ ಬಲವಾದ ಆರು ಮ್ಯಾಗ್ನೆಟ್ಟುಗಳಿವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ ತಕ್ಷಣ ಇವನ್ನು ತೆಗೆದಿಡಿ. ಇಂಥವು ಎರಡು ಹೊಟ್ಟೆಗೆ ಹೋದರೆ ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಸೆಳೆದು ನಡುವಿನ ಭಾಗವನ್ನೇ ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇದರ ಬದಲು ಹಳೆಯ ಸ್ಪೀಕರಿನ ದೊಡ್ಡ ಮ್ಯಾಗ್ನೆಟ್ಟು ಸಾಕು.

ಆಕಾರ ಕಟ್ಟುವ ಪ್ಲಾಸ್ಟಿಕ್ ಜೋಡಣೆಗಳು ಆರು ತಿಂಗಳಲ್ಲಿ ಸೀಳಿದವು. ಕಸದಿಂದ ವಿಜ್ಞಾನದ ಆಟಿಕೆ ಮಾಡಿಸುವ ಅರವಿಂದ ಗುಪ್ತ ಅವರು ದಶಕಗಳ ಹಿಂದೆಯೇ ತೋರಿಸಿಕೊಟ್ಟ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಉಪಾಯ ಇದಕ್ಕಿಂತ ಗಟ್ಟಿ. ಕಡ್ಡಿಯ ಮದ್ದು ಕೆರೆದು ತೆಗೆದು, ಟ್ಯೂಬನ್ನು ಸಣ್ಣ ತುಂಡು ಮಾಡಿ ಎರಡು ಕಡೆಯಿಂದ ಕಡ್ಡಿ ತೂರಿಸಿದರೆ ಕೀಲು ಸಿದ್ಧ. ತ್ರಿಕೋನ ಅಲುಗಾಡಲ್ಲ, ಚೌಕ ವಾಲುತ್ತದೆ. ಇದು ಗೊತ್ತಾಗಲು ಐದು ನಿಮಿಷ ಸಾಕು.

ಇನ್ನು ಜೀವನಚಕ್ರದ ಚಿತ್ರಪಟ. ಚಿಟ್ಟೆಯ ನಾಲ್ಕು ಹಂತ, ನಾಲ್ಕು ಬಾಣ, ಹೊಳೆಯುವ ಕಾಗದ. ರೇಷ್ಮೆ ಸೀಮೆಯಲ್ಲಿ ಕೂತು ಇದಕ್ಕೆ ದುಡ್ಡು ಕೊಟ್ಟಿದ್ದು ಈಗಲೂ ನಗು ಬರಿಸುತ್ತದೆ. ಶಿಡ್ಲಘಟ್ಟ ಕಡೆಯ ಯಾವುದಾದರೂ ಹುಳು ಮನೆಯವರನ್ನು ಕೇಳಿ, ಮೂರನೇ ಜ್ವರ ಎದ್ದ ಹತ್ತು ರೇಷ್ಮೆ ಹುಳು ಕೊಡುತ್ತಾರೆ. ಜ್ವರ ಅಂದರೆ ಹುಳು ತಿನ್ನುವುದು ನಿಲ್ಲಿಸಿ ಪೊರೆ ಕಳಚುವ ಹೊತ್ತು. ಚಾಕಿ ಹುಳು, ಅಂದರೆ ತೀರಾ ಎಳೆಯ ಮರಿ, ಬೇಡ, ಅದಕ್ಕೆ ಎಳೆ ಸೊಪ್ಪು, ಹೆಚ್ಚು ತೇವ ಎಲ್ಲ ಬೇಕು, ಮನೆಯಲ್ಲಿ ಉಳಿಯಲ್ಲ. ಶೂ ಡಬ್ಬಕ್ಕೆ ಪೇಪರು ಹಾಸಿ, ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ತಪ್ಪಿಸಲು ಪರದೆ ಬೇಕೇ ಬೇಕು. ಇರುವೆ ಬರದಂತೆ ಅಗಲವಾದ ತಟ್ಟೆಗೆ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಡಬ್ಬ ಇಡಿ. ದಿನಕ್ಕೆ ಮೂರು ಸಲ ಹಿಪ್ಪುನೇರಳೆ ಸೊಪ್ಪು, ಒದ್ದೆ ಇರಬಾರದು, ತೊಳೆದಿದ್ದರೆ ಒರೆಸಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಹಾಕಿದರೆ ಬೆಳಗ್ಗೆ ಒಂದೂ ಉಳಿದಿರಲ್ಲ. ದ್ರಾಕ್ಷಿ ತೋಟದ ಪಕ್ಕದ ಸೊಪ್ಪೂ ಬೇಡ, ಔಷಧಿ ಹೊಡೆದದ್ದು ಗಾಳಿಗೆ ಅದರ ಮೇಲೂ ಬಿದ್ದಿರುತ್ತದೆ.

ನಾಲ್ಕೈದು ದಿನಕ್ಕೆ ಹುಳು ತಲೆ ಎತ್ತಿಕೊಂಡು ತಿನ್ನದೆ ನಿಲ್ಲುತ್ತದೆ. ಸತ್ತಿತು ಅಂತ ಮಕ್ಕಳು ಅಳುವ ಹೊತ್ತು ಇದು. ಸತ್ತಿಲ್ಲ, ನಾಲ್ಕನೇ ಜ್ವರ. ಒಂದು ದಿನ ಮುಟ್ಟಬೇಡಿ, ಸೊಪ್ಪೂ ಹಾಕಬೇಡಿ, ಪೊರೆ ಕಳಚಿ ಏಳುತ್ತದೆ. ಅಲ್ಲಿಂದ ಏಳೆಂಟು ದಿನ ಮುಕ್ಕುವುದೇ ಮುಕ್ಕುವುದು. ಒಂದು ಹುಳು ಬದುಕಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಈ ಕೊನೆಯ ಹಂತದ್ದೇ. ಕಿಟ್ಟಿನ ತಕ್ಕಡಿಗೆ ಇಲ್ಲಿ ಕೆಲಸ: ಬೆಳಗ್ಗೆ ಹಾಕಿದ ಸೊಪ್ಪಿನ ತೂಕ, ಸಂಜೆ ಉಳಿದದ್ದರ ತೂಕ, ವ್ಯತ್ಯಾಸ. ಸೊಪ್ಪು ತಾನೇ ಒಣಗಿ ತೂಕ ಇಳಿಯುತ್ತದೆ, ಅದಕ್ಕೆ ಪಕ್ಕದಲ್ಲಿ ಹುಳು ಇಲ್ಲದ ಡಬ್ಬದಲ್ಲಿ ಅಷ್ಟೇ ಸೊಪ್ಪು ಇಟ್ಟು ಎಷ್ಟು ಇಳಿಯಿತು ಅಂತ ಕಳೆಯಬೇಕು. ಐದನೇ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಪ್ರಯೋಗ ಈ ಪೆಟ್ಟಿಗೆಯಲ್ಲಿ ಇಲ್ಲ. ಚಿಕ್ಕವರು ಹುಳುವಿನ ಉದ್ದ ಅಳೆದು ಚೌಕಳಿ ಕಾಗದದಲ್ಲಿ ಕಂಬ ಬಣ್ಣ ಹಚ್ಚಲಿ, ದಿನಕ್ಕೆ ಮೂರು ವಾಕ್ಯ ಬರೆಯಲಿ. ಮುಟ್ಟಿದ ಮೇಲೆ ಕೈ ತೊಳೆಸಿ.

ಮೈ ತಿಳಿಯಾಗಿ, ತಿನ್ನುವುದು ಬಿಟ್ಟು ಅಲೆಯತೊಡಗಿದರೆ ಹುಳು ಹಣ್ಣಾಯಿತು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಯ ತುಂಡು ಸಿಗದಿದ್ದರೆ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಒಂದೊಂದು ಬಿಡಿ. ಎರಡು ಮೂರು ದಿನದಲ್ಲಿ ಗೂಡು. ಆಮೇಲೆ ಹತ್ತು ಹನ್ನೆರಡು ದಿನಕ್ಕೆ ಗೂಡು ತೂತು ಮಾಡಿಕೊಂಡು ಪತಂಗ ಹೊರಬರುತ್ತದೆ, ಅದು ಏನೂ ತಿನ್ನಲ್ಲ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರಲ್ಲ, ಹಾಗಿದ್ದರೆ ಮಾರುಕಟ್ಟೆಗೆ ಹೋಗುವ ಗೂಡಿನೊಳಗಿನದಕ್ಕೆ ಏನಾಗುತ್ತದೆ ಅನ್ನುವ ಪ್ರಶ್ನೆ ಆಗ ಬರುತ್ತದೆ. ಉತ್ತರ ಸಿದ್ಧ ಇಟ್ಟುಕೊಳ್ಳಿ.

ಎರಡು ವರ್ಷದ ಕೊನೆಗೆ ಉಳಿದಿರುವುದು: ಕ್ಯೂಬು 91, ಕಡ್ಡಿ ಇಪ್ಪತ್ತೂ ಇವೆ, ತಕ್ಕಡಿ, ಭಿನ್ನರಾಶಿಯ ವೃತ್ತ, ಕವರು ಹಾಕಿದ ವರ್ಕ್‌ಶೀಟು. ಅಂಕ ಐದಕ್ಕೆ ಮೂರು. ಕ್ಯೂಬು, ಕಡ್ಡಿ, ಹಲಗೆ ಮಾತ್ರ ಬಿಡಿ ಸೆಟ್ಟಾಗಿ ಸಿಕ್ಕರೆ ಅದನ್ನೇ ತಗೊಳ್ಳಿ. ಯಾರಿಂದಲಾದರೂ ಹಳೆಯದು ಕೊಳ್ಳುವುದಾದರೆ ಕಡ್ಡಿ ಕಡಿಮೆ ಇದ್ದರೂ ಪರವಾಗಿಲ್ಲ, ಬಿಡಿ ಕ್ಯೂಬು ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಕಡ್ಡಿ ಕಳೆದುಹೋದರೆ ಹತ್ತು ಕ್ಯೂಬು ಅಂಟಿಸಿ ಮಾಡಿಕೊಳ್ಳಬಹುದು, ಕ್ಯೂಬನ್ನು ಮನೆಯಲ್ಲಿ ಮಾಡಲು ಆಗಲ್ಲ.