ರಿಂಗ್ ರೋಡಿಗೆ ಹೈಬ್ರಿಡ್ ಸೈಕಲ್: ಯಾರು ಕೊಳ್ಳಬೇಕು, ಯಾರಿಗೆ ಬೇಡ

ಬೆಂಗಳೂರಿನ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಹೊರವರ್ತುಲ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರ್. ಇಷ್ಟು ದೂರ ದಿನಾ ಸೈಕಲ್ ತುಳಿಯುತ್ತೇನೆ ಅಂದರೆ ಅಂಗಡಿಯಲ್ಲಿ ಮೊದಲು ಹೊರಗೆ ಬರುವುದು ಮುಂದೆ ಸಸ್ಪೆನ್ಷನ್ (ಏಟು ನುಂಗುವ ಸ್ಪ್ರಿಂಗ್) ಇರುವ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್. ‘ನಮ್ಮ ಗುಂಡಿಗಳಿಗೆ ಇದೇ ಸರಿ ಸಾರ್’ ಅನ್ನುತ್ತಾರೆ. ಸರಿಯಲ್ಲ. ಅಗ್ಗದ ಸಸ್ಪೆನ್ಷನ್ ಫೋರ್ಕೇ (ಮುಂದಿನ ಚಕ್ರ ಹಿಡಿಯುವ ಕವಲು) ಎರಡು ಕೆಜಿ ಮೀರಿ ತೂಗುತ್ತದೆ, ಎದ್ದು ನಿಂತು ತುಳಿದಾಗ ಕುಗ್ಗಿ ಶಕ್ತಿ ತಿನ್ನುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ತುಕ್ಕು ಹಿಡಿದು ಬಿಗಿಯುತ್ತದೆ. ಈ ದಾರಿಗೆ ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕಿನ, 700×38 (38 ಮಿಲಿಮೀಟರ್ ಅಗಲದ) ಟೈರಿನ ಹೈಬ್ರಿಡ್ಡೇ ಸೈ, ಅಂದರೆ ರೋಡ್ ಸೈಕಲ್ಲಿಗೂ ಎಂಟಿಬಿಗೂ ನಡುವಿನದು.

ಗುಂಡಿಯ ಏಟು ತಿನ್ನಬೇಕಾದದ್ದು ಟೈರು. 70 ಕೆಜಿ ಸವಾರರಿಗೆ ಮುಂದೆ 50, ಹಿಂದೆ 55ರಿಂದ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡಕ್ಕೆ ತುಂಬಿಸಿದರೆ ಮಣಿಕಟ್ಟು ನೋಯುತ್ತದೆ. 40ಕ್ಕಿಂತ ಇಳಿದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಒಟ್ಟಿಗೆ ಎರಡು ತೂತು. 28ರ ತೆಳು ಟೈರು ಹಗುರವೇ, ಆದರೆ ಚರಂಡಿ ಜಾಲರಿಯ ಸಂದಿಗೂ ಕಾಂಕ್ರೀಟ್ ರಸ್ತೆಯ ಉದ್ದುದ್ದ ಬಿರುಕಿಗೂ ನೇರ ಇಳಿಯುತ್ತದೆ. ವಾಲ್ವ್ ಕೂಡ ನೋಡಿ. ಬೈಕಿನಲ್ಲಿರುವಂಥ ಶ್ರೇಡರ್ ಆದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ತೆಳು ಮೂತಿಯ ಪ್ರೆಸ್ಟಾ ಆದರೆ ಹಿತ್ತಾಳೆಯ ಅಡಾಪ್ಟರ್ ಬ್ಯಾಗಿನಲ್ಲೇ ಇರಲಿ.

ಬ್ರೇಕು ಡಿಸ್ಕೇ ಬೇಕು, ಕೇಬಲ್ಲಿನದಾದರೂ ನಡೆದೀತು. ಮಳೆಯಲ್ಲಿ ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ. ಮುಂದಿನ ಕಾರು ಅಲ್ಲಿಯವರೆಗೆ ಕಾಯುವುದಿಲ್ಲ.

ಹೈಬ್ರಿಡ್‌ಗಳ ನಿಜವಾದ ಕೊರತೆ ಬೇರೆ: ಮಡ್‌ಗಾರ್ಡ್, ಕ್ಯಾರಿಯರ್, ಲೈಟು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಹಿಂದಿನ ಆಕ್ಸಲ್ ಬಳಿ ಕ್ಯಾರಿಯರ್ ಬೋಲ್ಟಿನ ತೂತು ಇಲ್ಲದ ಫ್ರೇಮ್ ಬೇಡವೇ ಬೇಡ. ಲ್ಯಾಪ್‌ಟಾಪ್ ಬೆನ್ನಿಗೇರಿದರೆ ಅಂಗಿ ತೊಪ್ಪೆ.

ಇನ್ನು ರಸ್ತೆ. 2020ರಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥವನ್ನು ನಂಬಿ ಲೆಕ್ಕ ಹಾಕಬೇಡಿ. ಮೆಟ್ರೋ ಕಾಮಗಾರಿಯಲ್ಲಿ ಅದು ಬಹುಪಾಲು ಹೋಯಿತು. ಅಗರ, ಇಬ್ಬಲೂರಿನ ಮೇಲ್ಸೇತುವೆ ಹತ್ತಬೇಡಿ: ಇಳಿಯುವಲ್ಲಿ ಎಡದಿಂದ ಸರ್ವಿಸ್ ರೋಡಿನ ವಾಹನಗಳು ನುಗ್ಗುತ್ತವೆ, ನೀವು ಎರಡು ಪ್ರವಾಹಗಳ ನಡುವೆ ಉಳಿಯುತ್ತೀರಿ. ಕೆಳಗೆ ಸಿಗ್ನಲ್ಲಿನಲ್ಲಿ ನಿಂತರೂ ಪರವಾಗಿಲ್ಲ. ನಿಲ್ದಾಣಕ್ಕೆ ಒರಗುತ್ತಿರುವ ಬಿಎಂಟಿಸಿ ಬಸ್ಸಿನ ಎಡಕ್ಕೆ ಎಂದೂ ತೂರಬೇಡಿ, ಹಿಂದೆಯೇ ನಿಲ್ಲಿ.

ಒಂದು ಕಡೆಗೆ 12 ಕಿಲೋಮೀಟರ್‌ವರೆಗೆ ಅನುಮಾನವಿಲ್ಲದೆ ಕೊಳ್ಳಬಹುದು. 15 ದಾಟಿದರೆ ಒಂದು ಗಂಟೆ ಹಿಡಿಯುತ್ತದೆ. ವಾರಕ್ಕೆ ಮೂರು ದಿನ ಎಂದು ಇಟ್ಟುಕೊಳ್ಳಿ. ಆಫೀಸಿನಲ್ಲಿ ಸ್ನಾನದ ಮನೆ, ಕಾವಲಿರುವ ಪಾರ್ಕಿಂಗ್ ಎರಡೂ ಇಲ್ಲದಿದ್ದರೆ ಬೇಡ. ಎರಡನೇ ತಿಂಗಳಿಗೆ ಸೈಕಲ್ ಬಾಲ್ಕನಿ ಸೇರುತ್ತದೆ. ದುಡ್ಡು ಕೊಡುವ ಮುಂಚೆ ಯಾರದಾದರೂ ಸೈಕಲ್ ಕೇಳಿ ತಂದು, ಲ್ಯಾಪ್‌ಟಾಪ್ ಹೇರಿಕೊಂಡು, ಮಂಗಳವಾರ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಭಾನುವಾರದ ರಿಂಗ್ ರೋಡು ಲೆಕ್ಕಕ್ಕಿಲ್ಲ.