ಸೋತ ಕೇಸಿಗೆ ರಿವ್ಯೂ ಅರ್ಜಿ: ಉಚಿತ ಕಾನೂನು ನೆರವು ನನಗೆ ಆದ ಬಗೆ

ನಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ಅಪ್ಪನ ಪಾಲಿಗೆ ಬಂದಿದ್ದ 1 ಎಕರೆ 10 ಗುಂಟೆ ತಮ್ಮದು ಅಂತ ದೊಡ್ಡಪ್ಪನ ಮಕ್ಕಳು ತಕರಾರು ತೆಗೆದಿದ್ದರು. ಪಾಲು ಆಗಿತ್ತು ಅನ್ನೋದಕ್ಕೆ ನನ್ನ ಹತ್ತಿರ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ನಾನು ಹಾಕಿದ್ದ ದಾವೆ ವಜಾ ಆಯಿತು. ಮೂರನೇ ವಾರಕ್ಕೆ, ತಾಲ್ಲೂಕು ಕಚೇರಿಯಲ್ಲಿ ಭೂಸುರಕ್ಷಾ ಯೋಜನೆಗೆ ಹಳೇ ಕಡತ ಸ್ಕ್ಯಾನ್ ಮಾಡುವಾಗ, 1974ರ ಪಾಲಿನ ವರದಿ, ಅಂದರೆ ಪಾಲು ಆಯಿತು ಅಂತ ಕಚೇರಿಗೆ ಕೊಟ್ಟಿದ್ದ ಕಾಗದ, ಬೇರೆ ಊರಿನ ಕಟ್ಟಿನಲ್ಲಿ ಸಿಕ್ಕಿತು. ಕಂದು ತಿರುಗಿದ ಹಾಳೆ, ಮಡಿಕೆಯ ಮೇಲೆ ತೂತು. ಕೆಳಗೆ ಅಪ್ಪನ ಸಹಿ, ಪಕ್ಕದಲ್ಲೇ ದೊಡ್ಡಪ್ಪನ ಎಡಗೈ ಹೆಬ್ಬೆಟ್ಟು. ನೋಡಿದಾಗ ಕೈ ನಡುಗಿತು.

ಮೊದಲಿನ ವಕೀಲರು "ತೀರ್ಪು ಆಗೋಯ್ತಲ್ಲಮ್ಮ, ಇನ್ನು ಅಪೀಲೇ ಗತಿ" ಅಂದರು. ಅವರು ಹೇಳಿದ ಫೀಸು ನನ್ನ ಕೈಲಾಗುವಂಥದ್ದಲ್ಲ. ನಮ್ಮ ಬೀದಿಯ ಅಂಗನವಾಡಿ ಟೀಚರ್ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಂದರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತವಂತೆ. ಮೊದಲೇ ಗೊತ್ತಿದ್ದರೆ ಎಷ್ಟು ದುಡ್ಡು ಉಳಿಯುತ್ತಿತ್ತು!

ಪ್ರಾಧಿಕಾರದವರು ನೇಮಿಸಿಕೊಟ್ಟ ವಕೀಲೆ ಮೇಡಂ ನನ್ನ ವರದಿಯನ್ನು ಪೂರ್ತಿ ಓದಿದರು. ಆಮೇಲೆ ಪಕ್ಕಕ್ಕಿಟ್ಟು ಕೇಳಿದರು: "ಕೇಸು ನಡೀವಾಗ ಇದನ್ನ ಹುಡುಕಿದ್ರಾ? ಹುಡುಕಿದ್ದಕ್ಕೆ ಏನಿದೆ ನಿಮ್ಮತ್ರ?"

ಎರಡು ವರ್ಷದ ಹಿಂದೆ ನಕಲಿಗೆ ಅರ್ಜಿ ಹಾಕಿದಾಗ "ಕಡತ ಲಭ್ಯವಿಲ್ಲ" ಅಂತ ಹಿಂಬರಹ ಕೊಟ್ಟಿದ್ದರು. ಪುಣ್ಯಕ್ಕೆ ಆ ಚೀಟಿ ರೇಷನ್ ಕಾರ್ಡಿನ ಕವರಿನಲ್ಲೇ ಇತ್ತು. ತಂದುಕೊಟ್ಟಾಗ ಮೇಡಂ ಮುಖ ಅರಳಿತು. ತೀರ್ಪು ಕೊಟ್ಟ ಕೋರ್ಟೇ ಅದನ್ನು ಮತ್ತೆ ನೋಡಲಿ ಅಂತ ಕೇಳುವುದು ರಿವ್ಯೂ ಅರ್ಜಿ. ಅದಕ್ಕೆ ಹೊಸ ದಾಖಲೆ ಸಿಕ್ಕಿದರಷ್ಟೇ ಸಾಲದು, ಶ್ರದ್ಧೆಯಿಂದ ಹುಡುಕಿದ್ದರೂ ಆಗ ಸಿಕ್ಕಿರಲಿಲ್ಲ ಅಂತ ತೋರಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶ ಕೇಳುವುದೇ ಅದನ್ನು ಅಂತ ಬಿಡಿಸಿ ಹೇಳಿದರು. ಅಪೀಲು ಹಾಕಿಬಿಟ್ಟರೆ ಈ ದಾರಿ ಮುಚ್ಚುತ್ತದೆ. ಗಡುವು 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನ ಲೆಕ್ಕಕ್ಕೆ ಬರಲ್ಲ, ಆದರೂ ಅದನ್ನು ನೆಚ್ಚಿ ಕೂರಬಾರದು ಅಂತ 27ನೇ ದಿನವೇ ಅರ್ಜಿ, ಅಫಿಡವಿಟ್ ಎರಡನ್ನೂ ಹಾಕಿಸಿದರು.

ತೀರ್ಪು ಕೊಟ್ಟ ನ್ಯಾಯಾಧೀಶರ ಮುಂದೆಯೇ ಮತ್ತೆ ನಿಲ್ಲಬೇಕಲ್ಲ ಅಂತ ನನಗೆ ಭಯ. "ಅವರು ತಪ್ಪು ಮಾಡಿದ್ರು ಅಂತ ನಾವು ಹೇಳ್ತಿಲ್ಲಮ್ಮ. ಈ ಕಾಗದ ಅವರ ಮುಂದೆ ಬಂದಿರಲಿಲ್ಲ, ಅಷ್ಟೇ" ಅಂದರು ಮೇಡಂ. ಎದುರು ಕಡೆಯವರು ನಾನು ಸುಮ್ನೆ ಕೂತಿದ್ದು ಈಗ ಎಚ್ಚೆತ್ತಿದ್ದೇನೆ ಅಂತ ವಾದ ಮಾಡಿದರು. ನ್ಯಾಯಾಧೀಶರು ಹಿಂಬರಹ ಕೈಗೆ ತಗೊಂಡು ತಾರೀಕು ಗಟ್ಟಿಯಾಗಿ ಓದಿದರು. ಅರ್ಜಿ ಮಂಜೂರಾಯಿತು. ಜಮೀನು ಇನ್ನೂ ನನ್ನದಾಗಿಲ್ಲ, ದಾವೆ ಮತ್ತೆ ವಿಚಾರಣೆಗೆ ಬಂದಿದೆ. ನನಗೆ ಅದೇ ದೊಡ್ಡದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಚೇರಿಗೆ, ಮೇಡಂಗಲ್ಲ. ಫೋನ್ ಎತ್ತುವುದಿಲ್ಲ. ಟೈಪಿಂಗಿನಲ್ಲಿ ಹಿಸ್ಸಾ ನಂಬರ್ (ಸರ್ವೆ ನಂಬರಿನ ಒಳಭಾಗದ ನಂಬರ್) ತಪ್ಪಾಗಿ ಒಂದು ದಿನ ಹೋಯಿತು. 30 ದಿನದ ಕೆಲಸದಲ್ಲಿ ಒಂದು ದಿನ ಅಂದರೆ ಜಾಸ್ತಿನೇ, ಅಲ್ವಾ? ಸಹಿ ಹಾಕುವ ಮುಂಚೆ ಸರ್ವೆ ನಂಬರ್ ನೀವೇ ಓದಿ. ಹೋಗುವಾಗ ತೀರ್ಪಿನ ನಕಲು, ಹೊಸ ದಾಖಲೆ, ಜೊತೆಗೆ ಹಿಂದೆ ಹಾಕಿದ ಅರ್ಜಿ, ರಸೀದಿ, ಹಿಂಬರಹ ಎಷ್ಟಿದ್ದರೂ ಎಲ್ಲವನ್ನೂ ತಗೊಂಡು ಹೋಗಿ.